ಎಣಿಕೆಯೂ ಸಂಖ್ಯಾಜ್ಞಾನವೂ

ನಾಲ್ಕು ವರ್ಷದ ಮಗುವೊಂದು ಒಂದರಿಂದ ಇಪ್ಪತ್ತರವರೆಗೆ ತಡೆಯಿಲ್ಲದೆ ಒಪ್ಪಿಸಿದರೆ ಮನೆಯವರು ಹಿಗ್ಗುತ್ತಾರೆ. ಅದಕ್ಕೆ ಎಣಿಸಲು ಬಂದಿತೆಂದು ಶಾಲೆಯಲ್ಲಿಯೂ ಬಗೆಯುವುದುಂಟು. ಆದರೆ ಅದೇ ಮಗುವಿನ ಮುಂದೆ ಹುಣಸೆಬೀಜಗಳ ರಾಶಿಯನ್ನಿಟ್ಟು 'ಐದು ಬೀಜ ಕೊಡು' ಎಂದು ಕೇಳಿದಾಗ, ಅದು ಕೈಗೆ ಬಂದಷ್ಟನ್ನು ಬಾಚಿಕೊಡುವುದು ಅಪೂರ್ವವೇನಲ್ಲ. ಸಂಖ್ಯಾಪದಗಳನ್ನು ಹೇಳುವುದು ಬೇರೆ, ಅವು ಸೂಚಿಸುವ ಪರಿಮಾಣವನ್ನು ಅರಿಯುವುದು ಬೇರೆ. ಈ ಅಂತರವನ್ನು ಗಮನಿಸದೆ ಸಂಕಲನಕ್ಕೆ ಕೈಹಾಕಿದರೆ ಗಣಿತವು ಮಗುವಿನ ಪಾಲಿಗೆ ಬರಿಯ ಶಬ್ದಗಳ ಮಾಲೆಯಾಗಿ ಉಳಿಯುವುದು. ಆದುದರಿಂದ ಇವೆರಡರ ಸಂಬಂಧವನ್ನೂ, ಒಂದರಿಂದ ಇನ್ನೊಂದಕ್ಕೆ ಮಗುವನ್ನು ಕರೆದೊಯ್ಯುವ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಎಣಿಕೆಯು ಸರಳ ಕ್ರಿಯೆಯೆಂದು ತೋರಿದರೂ ಅದರಲ್ಲಿ ಹಲವು ಅಂಶಗಳು ಅಡಗಿವೆ. ರೋಶೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ಐದು ತತ್ತ್ವಗಳಾಗಿ ವಿಂಗಡಿಸಿದರು. ಒಂದು ವಸ್ತುವಿಗೆ ಒಂದೇ ಪದವನ್ನು ಹೇಳಬೇಕು. ಪದಗಳ ಕ್ರಮ ಸ್ಥಿರವಾಗಿರಬೇಕು. ಕೊನೆಯಲ್ಲಿ ಹೇಳಿದ ಪದವು ಇಡೀ ಸಮೂಹದ ಪರಿಮಾಣವನ್ನು ಸೂಚಿಸುತ್ತದೆ. ಎಣಿಸುವ ವಸ್ತು ಯಾವುದಾದರೂ ಆಗಬಹುದು. ಯಾವ ವಸ್ತುವಿನಿಂದ ಪ್ರಾರಂಭಿಸಿದರೂ ಮೊತ್ತವು ಬದಲಾಗದು. ನಮ್ಮ ವಿಷಯಕ್ಕೆ ಇವುಗಳಲ್ಲಿ ಮೂರನೆಯದೇ ಮುಖ್ಯ. ಐದು ಲೋಟಗಳನ್ನು ಬೆರಳಿಟ್ಟು ಎಣಿಸಿದ ಮಗುವನ್ನು 'ಎಷ್ಟಿವೆ?' ಎಂದು ಕೇಳಿದರೆ, ಅನೇಕ ವೇಳೆ ಅದು ಉತ್ತರ ಹೇಳದೆ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. 'ಐದು' ಎಂಬುದು ಅದಕ್ಕೆ ಕೊನೆಯ ಲೋಟಕ್ಕೆ ಅಂಟಿದ ಹೆಸರೇ ಹೊರತು ಎಲ್ಲ ಲೋಟಗಳ ಮೊತ್ತವಲ್ಲ.

ಕ್ಯಾರೆನ್ ವಿನ್ ಅವರು 1990 ಮತ್ತು 1992ರಲ್ಲಿ ಪ್ರಕಟಿಸಿದ ಪರಿಶೀಲನೆಗಳು ಈ ಅರಿವು ಮೂಡುವ ಕ್ರಮವನ್ನು ಸ್ಪಷ್ಟಪಡಿಸಿದವು. ಮಗುವಿಗೆ ಮೊದಲು 'ಒಂದು' ಎಂಬುದರ ಅರ್ಥ ಮಾತ್ರ ತಿಳಿಯುತ್ತದೆ. ಕೆಲವು ತಿಂಗಳು ಕಳೆದ ಮೇಲೆ 'ಎರಡು', ಅನಂತರ 'ಮೂರು'. ಆಮೇಲೆ, ಸುಮಾರು ಮೂರೂವರೆ ವರ್ಷದ ಹೊತ್ತಿಗೆ, ಎಣಿಕೆಯಿಂದಲೇ ಯಾವ ಮೊತ್ತವನ್ನಾದರೂ ಪಡೆಯಬಹುದೆಂಬ ಮರ್ಮ ಅದಕ್ಕೆ ಹೊಳೆಯುತ್ತದೆ. ಎಲ್ಲ ಮಕ್ಕಳಿಗೂ ಇದು ಒಂದೇ ವಯಸ್ಸಿನಲ್ಲಿ ಲಭಿಸುವುದಿಲ್ಲ. ಆದಕಾರಣ ಹಿಂದುಳಿದಂತೆ ಕಾಣುವ ಮಗುವನ್ನು ದಡ್ಡನೆಂದು ಜರೆಯುವುದು ಅನ್ಯಾಯ.

ಕನ್ನಡದ ಮಗುವಿನ ಮುಂದೆ ಇನ್ನೊಂದು ಸಂಗತಿಯೂ ಇದೆ. ನಾವು ವಸ್ತುಗಳನ್ನು ಎರಡು, ಮೂರು, ನಾಲ್ಕು ಎಂದೂ, ಮನುಷ್ಯರನ್ನು ಇಬ್ಬರು, ಮೂವರು, ನಾಲ್ವರು ಎಂದೂ ಹೇಳುತ್ತೇವಷ್ಟೆ. 'ಮೂರು', 'ಮೂವರು' ಎಂಬ ಪದಗಳಲ್ಲಿರುವ ಪರಿಮಾಣವು ಒಂದೇ ಎಂಬುದು ಮಗುವಿಗೆ ತಾನಾಗಿ ಹೊಳೆಯುವುದೆಂದು ನಂಬಿ ಕುಳಿತಿರಲಾಗದು. ಊಟಕ್ಕೆ ಕುಳಿತ ಮೂವರಿಗೆ ಮೂರು ಎಲೆಗಳನ್ನು ಹಾಕಿಸಿದರೆ ಅದು ಕಣ್ಣಿಗೆ ಕಾಣುತ್ತದೆ. ಎಲೆ ಮಿಕ್ಕಿತೇ, ಸಾಲದಾಯಿತೇ ಎಂಬುದನ್ನು ಮಗುವೇ ಕಂಡುಕೊಳ್ಳುತ್ತದೆ.

ನಮ್ಮ ಚೆನ್ನೆಮಣೆಯ ಆಟದಲ್ಲಿಯೂ ಇಂಥ ಶಿಕ್ಷಣವಿದೆ. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವಾಗ, ಒಂದು ಗುಳಿಗೆ ಒಂದೇ ಬೀಜವೆಂಬ ಹೊಂದಾಣಿಕೆ ಕೈಗೆ ರೂಢಿಯಾಗುತ್ತದೆ. ಇನ್ನು, 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಗಳನ್ನು ಬರೆದ ಹತ್ತು ಮನೆಗಳ ಪೆಟ್ಟಿಗೆಯುಂಟು. ಪ್ರತಿಯೊಂದು ಮನೆಯಲ್ಲಿಯೂ ಅಂಕಕ್ಕೆ ತಕ್ಕಷ್ಟು ಕಡ್ಡಿಗಳನ್ನು ಮಗು ಇಡಬೇಕು. ಸೊನ್ನೆಯ ಮನೆ ಬರಿದಾಗಿ ಉಳಿಯುತ್ತದೆ. ಇರುವ ಕಡ್ಡಿಗಳು ಒಟ್ಟು 45. ಎಲ್ಲಿಯಾದರೂ ಒಂದು ಕಡ್ಡಿ ಹೆಚ್ಚಾದರೆ ಕೊನೆಯಲ್ಲಿ ಒಂದು ಸಾಲದೆ ಬರುತ್ತದೆ. ಕಡಮೆಯಾದರೆ ಒಂದು ಮಿಗುತ್ತದೆ. ಹೀಗೆ ತಪ್ಪನ್ನು ಉಪಾಧ್ಯಾಯರು ಹೇಳಬೇಕಾಗಿಲ್ಲ, ಕಡ್ಡಿಗಳೇ ಹೇಳುತ್ತವೆ. ಬೆಲೆಬಾಳುವ ಉಪಕರಣವಿಲ್ಲದ ಶಾಲೆಯಲ್ಲಿ ಹತ್ತು ತೆಂಗಿನ ಚಿಪ್ಪುಗಳೂ 45 ಕಡ್ಡಿಗಳೂ ಈ ಕೆಲಸಕ್ಕೆ ಸಾಕು.

ಅಂಕಗಳನ್ನು ಬರೆಯಿಸುವುದು ಇವೆಲ್ಲದರ ಅನಂತರದ ಹೆಜ್ಜೆ. ಮಗು ಮೊದಲು ಮೂರು ಕಲ್ಲು, ಮೂರು ಹೂ, ಮೂರು ಚಪ್ಪಾಳೆಗಳಲ್ಲಿ ಮೂರನ್ನು ಕಾಣಲಿ. ಆಮೇಲೆ '3' ಎಂಬ ಗುರುತನ್ನು ಕಲಿಯಲಿ. ಬಾಯಿಪಾಠವನ್ನು ನಾವು ತಿರಸ್ಕರಿಸುತ್ತಿಲ್ಲ; ಪದಗಳ ಕ್ರಮ ನಾಲಗೆಯಲ್ಲಿ ನಿಲ್ಲದೆ ಎಣಿಕೆ ಸಾಧ್ಯವಿಲ್ಲ. ಆದರೆ ಅದನ್ನು ಪರೀಕ್ಷೆಯೆಂದು ಎಣಿಸಕೂಡದು. 'ನೂರರವರೆಗೆ ಹೇಳು' ಎಂಬ ಪ್ರಶ್ನೆಗಿಂತ 'ಐದು ಬೀಜ ಕೊಡು' ಎಂಬ ಪ್ರಶ್ನೆಯೇ ಮಗುವಿನ ಮನಸ್ಸನ್ನು ನಮಗೆ ಹೆಚ್ಚು ತೆರೆದು ತೋರಿಸುತ್ತದೆ.