ಗಾಯಗೊಂಡ ಹೇಂಟೆಯ ಶುಶ್ರೂಷೆ

ನಾಯಿ ಅಥವಾ ಮುಂಗುಸಿಯ ಬಾಯಿಂದ ಬಿಡಿಸಿದ ಹೇಂಟೆಯನ್ನು ಆ ದಿನವೇ ಕೊಯ್ದು ಸಾರು ಮಾಡುವುದುಂಟು. ಮೊಟ್ಟೆಯಿಡುವ ಕೋಳಿಯಾದರೆ ಇದು ದುಡುಕೇ ಸರಿ. ಇಂತಹ ಗಾಯಗಳು ಅನೇಕ ವೇಳೆ ವಾಸಿಯಾಗತಕ್ಕವು. ಗಾಯಕ್ಕಿಂತಲೂ ಹೆಚ್ಚಿನ ಕೇಡು ಜೊತೆಯ ಕೋಳಿಗಳಿಂದ ಬರುವುದು. ರಕ್ತದ ಕೆಂಪನ್ನು ಕಂಡೊಡನೆ ಅವು ಅಲ್ಲಿಯೇ ಕುಕ್ಕುತ್ತ ಹೋಗಿ, ಬದುಕತಕ್ಕದ್ದನ್ನೂ ಕೊಂದುಬಿಡಬಲ್ಲವು. ಆದುದರಿಂದ ಮೊದಲು ಅದನ್ನು ಬೇರ್ಪಡಿಸಿ, ಬೆಚ್ಚಗಿನ ಮಬ್ಬು ಮೂಲೆಯಲ್ಲಿ ಒಣಹುಲ್ಲು ಹಾಸಿ, ಮಂಕರಿಯ ಕೆಳಗೆ ಬಿಟ್ಟು, ಎಟುಕುವಂತೆ ನೀರಿಡಬೇಕು. ಕಾಳು ಆಮೇಲೆ.

ಗಾಯದ ಸುತ್ತಲಿನ ಗರಿಗಳನ್ನು ಕತ್ತರಿಸತಕ್ಕದ್ದು, ಕೀಳಕೂಡದು. ಕುದಿಸಿ ಆರಿಸಿದ 1 ಲೀಟರು ನೀರಿನಲ್ಲಿ ಸುಮಾರು 9 ಗ್ರಾಂ ಉಪ್ಪನ್ನು ಕರಗಿಸಿ ತೊಳೆಯಬೇಕು. ಸಗಣಿ, ಬೂದಿಗಳನ್ನು ಮೆತ್ತುವುದು ಹಾನಿಕರ. ನೊಣದ ಮೊಟ್ಟೆಯೊಡೆದು ಒಂದೇ ದಿನದೊಳಗೆ ಹುಳು ಬೀಳಬಹುದಾದ್ದರಿಂದ ಬೆಳಿಗ್ಗೆ ಸಂಜೆ ಗರಿ ಸರಿಸಿ ನೋಡತಕ್ಕದ್ದು. ಹಲ್ಲು ನಾಟಿದ ತೂತು ಹೊರಗೆ ಅಲ್ಪವಾಗಿ ಕಂಡರೂ ಒಳಗೆ ಕೀವುಗಟ್ಟುವುದುಂಟು. ಅದನ್ನು ಪಶುವೈದ್ಯರಿಗೆ ತೋರಿಸಬೇಕು. ಅವರು ಔಷಧ ಕೊಟ್ಟಲ್ಲಿ, ಎಷ್ಟು ದಿನ ಮೊಟ್ಟೆಯನ್ನು ಉಪಯೋಗಿಸಬಾರದೆಂಬುದನ್ನೂ ಕೇಳಿ ತಿಳಿಯತಕ್ಕದ್ದು.

ಗಾಯವು ಒಣಗಿ ಕೆಂಪು ಮರೆಯಾದ ಬಳಿಕ, ಕೆಲವು ದಿನ ಮಂಕರಿಯನ್ನು ಇತರ ಕೋಳಿಗಳ ಕಣ್ಣಿಗೆ ಬೀಳುವಂತಿಟ್ಟು, ಅನಂತರ ಕತ್ತಲಾಗುವ ಹೊತ್ತಿಗೆ ಹೇಂಟೆಯನ್ನು ಗೂಡಿನಲ್ಲಿ ಅವುಗಳ ಮಗ್ಗುಲಿಗೆ ಸೇರಿಸಬೇಕು. ಬೆಳಿಗ್ಗೆ ಕುಕ್ಕಾಟ ಕಂಡುಬಂದರೆ ಮತ್ತೆ ಮಂಕರಿಯೇ ಗತಿ.