ನಕ್ಷೆಯ ಹಾಳೆಯಲ್ಲಿ ಗವಾಕ್ಷಿಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಹಬ್ಬಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೊಂದು ಸಣ್ಣ ಕಾರ್ಯಾಗಾರವನ್ನು ಹೊಕ್ಕು ನೋಡಿದರೆ, ಲೇತು, ಮಿಲ್ಲಿಂಗ್ ಯಂತ್ರಗಳ ಪಕ್ಕದಲ್ಲಿ ಎಣ್ಣೆಯ ಕಲೆ ಹತ್ತಿದ ಒಂದು ಕಾಗದದ ಹಾಳೆ ಕಣ್ಣಿಗೆ ಬೀಳುವುದುಂಟು. ಲೋಹಕ್ಕೆ ಕೈಹಚ್ಚುವ ಮೊದಲು ಕೆಲಸಗಾರನು ನೋಡುವುದು ಆ ಹಾಳೆಯನ್ನು. ಅದರ ಮೇಲಿನ ಚಿತ್ರವು ಈಗ ಗಣಕಯಂತ್ರದಲ್ಲಿ ಸಿದ್ಧವಾಗುತ್ತದೆ. ಗಣಕದೊಳಗಿನ ವಸ್ತು ಕಾಗದದ ಮೇಲೆ ಇಳಿದು ಬರುವ ಬಗೆ ಯಾವುದು, ಆ ದಾರಿಯಲ್ಲಿ ಎಲ್ಲಿ ಎಡವಬಹುದು ಎಂಬುದನ್ನು ವಿಚಾರಿಸೋಣ.

೧೨೦೦ ಮಿ.ಮೀ. ಉದ್ದ, ೮೦೦ ಮಿ.ಮೀ. ಅಗಲವುಳ್ಳ ಉಕ್ಕಿನ ಆಧಾರಫಲಕವೊಂದರ ನಕ್ಷೆ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ನಮ್ಮಲ್ಲಿರುವುದು ಎ-೩ ಹಾಳೆ. ಅದರ ಅಳತೆ ೪೨೦ × ೨೯೭ ಮಿ.ಮೀ. ಮಾತ್ರ. ನಕ್ಷೆಯ ಹಲಗೆ, ಟಿ-ಚೌಕಗಳ ಕಾಲದಲ್ಲಿ ನಕ್ಷೆಗಾರನು ಮೊದಲು ೧:೫ ಎಂಬ ಪ್ರಮಾಣವನ್ನು ಗೊತ್ತುಮಾಡಿಕೊಂಡು, ಪ್ರತಿಯೊಂದು ಅಳತೆಯನ್ನೂ ಐದರಿಂದ ಭಾಗಿಸಿ ಗೆರೆ ಎಳೆಯುತ್ತಿದ್ದನು. ಗಣಕದಲ್ಲಿ ಈ ಕ್ರಮ ತಲೆಕೆಳಗು. ಅಲ್ಲಿ ೧೨೦೦ ಮಿ.ಮೀ. ಫಲಕವನ್ನು ೧೨೦೦ ಮಿ.ಮೀ. ಎಂದೇ ಎಳೆಯುತ್ತಾರೆ, ಹಾಳೆಯ ಚಿಂತೆ ಆಮೇಲಿನದು. ೧೯೬೩ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ತನ್ನ ಪ್ರೌಢಪ್ರಬಂಧಕ್ಕಾಗಿ ರಚಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯಲ್ಲಿಯೇ ಈ ಭಾವನೆ ಮೊಳೆತಿತ್ತು. ಏಳು ಅಂಗುಲ ಚೌಕದ ತೆರೆಯ ಮೂಲಕ, ಸುಮಾರು ಕಾಲು ಮೈಲಿ ಚೌಕದ ಕಲ್ಪಿತ ಹಾಳೆಯ ಒಂದು ತುಣುಕನ್ನು ನೋಡುತ್ತ ಕೆಲಸ ಮಾಡುವುದು ಅದರಲ್ಲಿ ಸಾಧ್ಯವಾಗಿತ್ತು.

ನಿಜವಾದ ಅಳತೆಯ ವಸ್ತು ಇರುವ ಎಡೆಯನ್ನು ತಂತ್ರಜ್ಞರು ಮಾಡೆಲ್ ಸ್ಪೇಸ್ ಎನ್ನುವರು, ನಾವು ‘ವಸ್ತುಲೋಕ’ವೆನ್ನೋಣ. ಮುದ್ರಣಕ್ಕೆ ಹೋಗುವ ಹಾಳೆಯ ಎಡೆ ‘ಕಾಗದಲೋಕ’. ೧೯೮೨ರಲ್ಲಿ ಹೊರಬಂದ ‘ಆಟೋಕ್ಯಾಡ್’ ತಂತ್ರಾಂಶದಲ್ಲಿ ಮೊದಮೊದಲು ಇವೆರಡೂ ಬೇರೆಯಾಗಿರಲಿಲ್ಲ. ಅದರಿಂದ ಒದಗುತ್ತಿದ್ದ ತೊಡಕು ವಿಚಿತ್ರವಾದುದು. ಹಾಳೆಯ ಮೇಲೆ ಅಕ್ಷರಗಳು ೩.೫ ಮಿ.ಮೀ. ಎತ್ತರವಿರಬೇಕಾದರೆ, ೧:೫ ಪ್ರಮಾಣದ ಚಿತ್ರದಲ್ಲಿ ಅವನ್ನು ೧೭.೫ ಮಿ.ಮೀ. ಎತ್ತರಕ್ಕೆ ಬರೆಯಬೇಕು, ಅದೇ ಭಾಗವನ್ನು ಇಮ್ಮಡಿಯಾಗಿ ತೋರಿಸುವಲ್ಲಿ ೧.೭೫ ಮಿ.ಮೀ.! ೧೯೯೦ರ ಹನ್ನೊಂದನೆಯ ಆವೃತ್ತಿಯಲ್ಲಿ ಕಾಗದಲೋಕವು ಬೇರೆಯಾಯಿತು. ೧೯೯೯ರಲ್ಲಿ ಬಂದ ‘ಆಟೋಕ್ಯಾಡ್ ೨೦೦೦’ದಲ್ಲಿ, ಒಂದೇ ವಸ್ತುವಿಗೆ ಇಂತಹ ಹಲವು ಹಾಳೆಗಳನ್ನು ಜೋಡಿಸುವ ಸೌಕರ್ಯ ದೊರೆಯಿತು. ಈ ಹಾಳೆಗೆ ‘ಲೇಔಟ್’ ಎಂದು ಹೆಸರು. ಬೆಂಗಳೂರಿನವರಿಗೆ ಈ ಮಾತು ಕೇಳಿದೊಡನೆ ನಿವೇಶನಗಳೂ ನೋಂದಣಿ ಕಚೇರಿಯೂ ನೆನಪಾಗುವುದು ಸಹಜ. ಇಲ್ಲಿ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬರಿಯ ಹಾಳೆಯಲ್ಲಿ ವಸ್ತು ಕಾಣಿಸದು. ಅದರಲ್ಲಿ ಒಂದು ಕಂಡಿ ಕೊರೆದು, ಆಚೆಗಿರುವ ವಸ್ತುಲೋಕವನ್ನು ಇಣುಕಿ ನೋಡಬೇಕು. ಈ ಕಂಡಿಯೇ ‘ವ್ಯೂಪೋರ್ಟ್’, ಅಥವಾ ಗವಾಕ್ಷಿ. ಪ್ರತಿಯೊಂದು ಗವಾಕ್ಷಿಗೂ ಎರಡು ಸಂಗತಿಗಳನ್ನು ತಿಳಿಸಬೇಕು: ಎತ್ತ ನೋಡಬೇಕು, ಎಷ್ಟು ಕುಗ್ಗಿಸಿ ಅಥವಾ ಹಿಗ್ಗಿಸಿ ನೋಡಬೇಕು. ‘೧/೫ ಎಕ್ಸ್‌ಪಿ’ ಎಂದು ಆಜ್ಞೆಯಿತ್ತರೆ, ವಸ್ತುವಿನ ಐದು ಮಿಲಿಮೀಟರಿಗೆ ಕಾಗದದ ಒಂದು ಮಿಲಿಮೀಟರು ಎಂದರ್ಥ. ನಮ್ಮ ಫಲಕ ಆಗ ೨೪೦ × ೧೬೦ ಮಿ.ಮೀ. ಆಗಿ ಹಾಳೆಯಲ್ಲಿ ನೆಮ್ಮದಿಯಾಗಿ ಕೂರುವುದು. ಮೂಲೆಯಲ್ಲಿರುವ ೧೬ ಮಿ.ಮೀ. ವ್ಯಾಸದ ರಂಧ್ರವಾದರೋ ೩.೨ ಮಿ.ಮೀ.ಗೆ ಇಳಿದು ಕಡಲೆಕಾಳಿಗಿಂತಲೂ ಕಿರಿದಾಯಿತು. ಅದಕ್ಕಾಗಿ ಪಕ್ಕದಲ್ಲಿ ೨:೧ ಪ್ರಮಾಣದ ಎರಡನೆಯ ಗವಾಕ್ಷಿ ತೆರೆದರೆ ಅದೇ ರಂಧ್ರ ೩೨ ಮಿ.ಮೀ. ಆಗಿ ಕಾಣುವುದು. ಭೂಪಟದಲ್ಲಿ ಕರ್ನಾಟಕದ ಮಗ್ಗುಲಿಗೆ ಬೆಂಗಳೂರು ನಗರವನ್ನು ಹಿರಿದಾಗಿಸಿ ತೋರಿಸುವುದನ್ನು ಓದುಗರು ಬಲ್ಲರು. ಆದರೆ ಭೂಪಟದಲ್ಲಿರುವುದು ಎರಡು ಚಿತ್ರ. ಇಲ್ಲಿರುವುದು ಒಂದೇ ರಂಧ್ರ. ವಸ್ತುಲೋಕದಲ್ಲಿ ಅದನ್ನು ೧೮ ಮಿ.ಮೀ.ಗೆ ತಿದ್ದಿದರೆ ಎರಡು ಗವಾಕ್ಷಿಗಳಲ್ಲಿಯೂ ಒಡನೆಯೇ ತಿದ್ದಿಕೊಳ್ಳುವುದು.

ಇನ್ನು ಎಡವುವ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ದುಡಿಯುತ್ತಿದ್ದ ಕಾರ್ಯಾಗಾರದಲ್ಲಿ ಎಂಟು ಫಲಕಗಳು ಗುಜರಿಗೆ ಹೋದುವು. ನಕ್ಷೆ ಸಿದ್ಧಪಡಿಸಿದವನು ೧:೫ರ ಗವಾಕ್ಷಿಯೊಳಗೆ ಇದ್ದುಕೊಂಡೇ ಮೌಸಿನ ಗಾಲಿಯನ್ನು ತಿರುಗಿಸಿದ್ದನು. ಪ್ರಮಾಣ ಜಾರಿ ೧:೪.೫ ಆಯಿತು, ಹಾಳೆಯ ಮೂಲೆಯ ಶೀರ್ಷಿಕೆಯಲ್ಲಿ ೧:೫ ಎಂಬುದು ಹಾಗೆಯೇ ಉಳಿಯಿತು. ಇದನ್ನು ಯಾರೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಎಲ್ಲ ಉದ್ದಗಳೂ ಒಂದೇ ಸಮನಾಗಿ ನೂರಕ್ಕೆ ಹನ್ನೊಂದರಷ್ಟು ಹೆಚ್ಚಿದ್ದುವು, ಕೋನಗಳು ಇದ್ದಂತೆಯೇ ಇದ್ದುವು. ಸಮರೂಪ ಆಕೃತಿಗಳಲ್ಲಿ ಕಣ್ಣು ಆಕಾರವನ್ನು ಗುರುತಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಬರೆದಿದ್ದ ಅಂಕಿಗಳೆಲ್ಲ ಸರಿಯಾಗಿದ್ದುವು, ಏಕೆಂದರೆ ಅವು ವಸ್ತುಲೋಕದಿಂದ ಬಂದವು. ಆದರೆ ಎರಡು ರಂಧ್ರಗಳ ನಡುವಣ ದೂರವನ್ನು ಬರೆಯಲು ಮರೆತಿದ್ದರು. ಕೊರೆಯುವವನು ಅಳತೆಪಟ್ಟಿ ಇಟ್ಟು ನೋಡಿದನು: ೪೦ ಮಿ.ಮೀ. ಐದರಿಂದ ಗುಣಿಸಿ ೨೦೦ ಮಿ.ಮೀ.ಗೆ ಕೊರೆದನು. ಇರಬೇಕಾದುದು ೧೮೦.

ನಕ್ಷೆಯನ್ನು ಪಟ್ಟಿಯಿಂದ ಅಳೆಯಕೂಡದೆಂಬುದು ಕಾರ್ಯಾಗಾರಗಳ ಹಳೆಯ ನಿಯಮ, ಆ ಹುಡುಗ ಅದನ್ನು ಮೀರಿದ್ದು ನಿಜ. ಆದರೂ ನಷ್ಟವನ್ನೆಲ್ಲ ಅವನೊಬ್ಬನ ಸಂಬಳದಿಂದಲೇ ಮುರಿದುಕೊಂಡದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ. ಪ್ರಮಾಣವನ್ನು ಗೊತ್ತುಪಡಿಸಿದೊಡನೆ ಗವಾಕ್ಷಿಗೆ ಬೀಗ ಹಾಕುವ ಏರ್ಪಾಡು ತಂತ್ರಾಂಶದಲ್ಲಿಯೇ ಉಂಟು. ಒಂದು ಗುಂಡಿಯನ್ನು ಒತ್ತಿದರೆ ಸಾಕಾಗಿತ್ತು.

ಗವಾಕ್ಷಿಗೆ ಬೀಗ ಬಿದ್ದರೂ ಮುದ್ರಣದಲ್ಲಿ ಇನ್ನೊಂದು ಅಪಾಯ ಕಾದಿದೆ. ಹಾಳೆಯನ್ನು ೧:೧ರಲ್ಲಿಯೇ ಮುದ್ರಿಸಬೇಕು. ‘ಕಾಗದಕ್ಕೆ ಹೊಂದಿಸು’ ಎಂಬ ಆಯ್ಕೆಯಿಂದ ಎ-೩ ನಕ್ಷೆಯನ್ನು ಎ-೪ ಹಾಳೆಗೆ ಇಳಿಸಿದರೆ ಉದ್ದಗಳೆಲ್ಲ ೦.೭೦೭ರಷ್ಟಾಗುತ್ತವೆ. ಇದು ೧/√೨, ಎ-ಶ್ರೇಣಿಯ ಹಾಳೆಗಳ ಉದ್ದ ಅಗಲಗಳ ನಿಷ್ಪತ್ತಿ √೨ ಆಗಿರುವುದರಿಂದ ಚಿತ್ರ ಅಂಚು ತಪ್ಪದೆ ಅಚ್ಚುಕಟ್ಟಾಗಿ ಕುಗ್ಗುತ್ತದೆ, ಆದ್ದರಿಂದಲೇ ಸಂಶಯವೂ ಹುಟ್ಟುವುದಿಲ್ಲ.

ಪ್ರಯೋಗಶಾಲೆಯ ಅಭ್ಯಾಸವುಳ್ಳ ನಾವು ಇದಕ್ಕೊಂದು ಉಪಾಯವನ್ನು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಕಾಗದಲೋಕದಲ್ಲಿ ೧೦೦ ಮಿ.ಮೀ. ಉದ್ದದ ಒಂದು ಗೆರೆ ಎಳೆಯಿರಿ. ವಸ್ತುಲೋಕದಲ್ಲಿ ಫಲಕದ ಪಕ್ಕಕ್ಕೆ ೫೦೦ ಮಿ.ಮೀ. ಉದ್ದದ ಇನ್ನೊಂದು ಗೆರೆ ಎಳೆದು ಅದು ೧:೫ರ ಗವಾಕ್ಷಿಯಲ್ಲಿ ಕಾಣುವಂತೆ ಮಾಡಿರಿ. ಮುದ್ರಿತ ಹಾಳೆಯಲ್ಲಿ ಎರಡೂ ೧೦೦ ಮಿ.ಮೀ. ಇರಬೇಕು. ಮೊದಲನೆಯದು ೧೦೦ ಇದ್ದು ಎರಡನೆಯದು ೧೧೧ ಬಂದರೆ ಗವಾಕ್ಷಿ ಜಾರಿದೆ. ಎರಡೂ ೭೧ರ ಸಮೀಪ ಬಂದರೆ ಗವಾಕ್ಷಿಯಲ್ಲಿ ದೋಷವಿಲ್ಲ. ಯಾರೋ ಮುದ್ರಣಯಂತ್ರಕ್ಕೆ ಎ-೪ ಹಾಳೆ ಕೊಟ್ಟಿದ್ದಾರೆ.