ಸೂತ್ರವಿಲ್ಲದ ಗೊಂಬೆ

ಈ ಬೇಸಗೆ ರಜೆಯಲ್ಲಿ ನಮ್ಮ ಮನೆಯ ಕೇರಂ ಬೋರ್ಡು ಅಟ್ಟದಿಂದ ಕೆಳಗಿಳಿಯಲೇ ಇಲ್ಲ. ಬೆಂಗಳೂರಿನಿಂದ ಬಂದ ಮಗಳ ಮಗ, ಹದಿಮೂರು ವರ್ಷದವನು, ಒಂದು ಸಣ್ಣ ಬಟ್ಟೆಚೀಲ ಬಿಚ್ಚಿ ಜಗಲಿಯ ಚಾಪೆಯ ಮೇಲೆ ದಾಳಗಳನ್ನು ಸುರಿದ. ನಾನು ಕಂಡ ದಾಳಕ್ಕೆ ಆರು ಮುಖ. ಇವನ ಚೀಲದಲ್ಲಿ 4, 6, 8, 10, 12 ಮುಖದವೂ ಇದ್ದವು. ಕೊನೆಯದಕ್ಕೆ 20 ಮುಖ. ನೆಲ್ಲಿಕಾಯಿಯಷ್ಟು ದೊಡ್ಡದು, ಉರುಳಿಸಿದರೆ ನಿಲ್ಲುವುದೇ ಇಲ್ಲ.

"ಇದರಲ್ಲಿ ಗೆಲ್ಲುವುದು ಹೇಗೆ?" ಎಂದು ಕೇಳಿದೆ.

"ಗೆಲ್ಲುವುದು ಸೋಲುವುದು ಇಲ್ಲ ಅಜ್ಜ. ಎಲ್ಲರೂ ಸೇರಿ ಒಂದು ಕಥೆ ಆಡುವುದು."

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಮೊದಲು ಅಚ್ಚಾದದ್ದು ಬರೇ ಸಾವಿರ ಪ್ರತಿ. ಇವತ್ತು ಲೋಕದ ಎಲ್ಲ ಕಡೆ ಆಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ವೇಷ ಇಲ್ಲ, ರಂಗಸ್ಥಳ ಇಲ್ಲ, ಬಾಯಿಪಾಠ ಇಲ್ಲ. ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಕೂತಲ್ಲೇ ಉತ್ತರ ಕೊಡಬೇಕು. ಪಾತ್ರ ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದರೆ, ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ.

ಇಷ್ಟು ಕೇಳಿದ್ದೇ ನನಗೆ ಧೈರ್ಯ ಬಂತು. ಇದು ನಮ್ಮ ತಾಳಮದ್ದಲೆಯೇ! ಕಥೆ ನಡೆಸುವವನು ಭಾಗವತ, ಆಡುವವರು ಅರ್ಥಧಾರಿಗಳು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಳೆಗಾಲದಲ್ಲಿ ತಾಳಮದ್ದಲೆ ಕೇಳಿ ಬೆಳೆದವನಿಗೆ ಈ ಆಟವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಒಂದೇ ವ್ಯತ್ಯಾಸ: ನಮ್ಮಲ್ಲಿ ಪ್ರಸಂಗ ಮೊದಲೇ ಗೊತ್ತು, ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ರಥದ ಗಾಲಿ ಹೂತೇ ಹೂಳುತ್ತದೆ. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಭಾಗವತನಿಗೂ.

ನಾಲ್ಕು ಮಕ್ಕಳು ಕೂತರು. ಮೊಮ್ಮಗ ಭಾಗವತ. ನೆರೆಮನೆಯ ಇಬ್ಬರು ಹುಡುಗರಲ್ಲಿ ಒಬ್ಬ ಕೊಡಲಿ ಹಿಡಿದ ಕುಳ್ಳ ವೀರ, ಇನ್ನೊಬ್ಬ ಮಂತ್ರವಾದಿ. ಬ್ರಹ್ಮಾವರದಿಂದ ಬಂದ ಎಂಟು ವರ್ಷದ ಮೊಮ್ಮಗಳು ವನವಾಸಿ ಬಿಲ್ಲುಗಾರ್ತಿ. "ಅಜ್ಜಯ್ಯ, ನೀವೂ ಒಂದ್ ಪಾತ್ರ ತಕಣಿ" ಎಂದಳು. ಆಟದಲ್ಲಿ ಹತ್ತಾರು ಕುಲಗಳಿವೆ, ಬೇಕಾದ್ದು ಆರಿಸಿಕೊಳ್ಳಬಹುದು. ಪುಸ್ತಕದ ಚಿತ್ರಗಳಲ್ಲಿ ಒಬ್ಬ ನನ್ನ ಕಣ್ಣಿಗೆ ಬಿದ್ದ. ಮರ, ಕಲ್ಲು, ಲೋಹ ಸೇರಿಸಿ ಮಾಡಿದ ಮೈ; ಹಣೆಯ ಮೇಲೊಂದು ಗುರುತು.

"ಇವನು ಯಾರು?"

"ವಾರ್‌ಫೋರ್ಜ್ಡ್. ಯುದ್ಧಕ್ಕಾಗಿ ಕುಲುಮೆಯಲ್ಲಿ ಹುಟ್ಟಿದವನು. ಯಂತ್ರ, ಆದರೆ ಜೀವ ಉಂಟು."

ನಾವು ಅವನಿಗೆ 'ಕುಲುಮೆಯವನು' ಎಂದು ಹೆಸರಿಟ್ಟೆವು.

ಈ ಕುಲ ಬಂದ ಕಥೆಯೂ ಸ್ವಾರಸ್ಯದ್ದು. 2002ರಲ್ಲಿ ಆಟದ ಕಂಪೆನಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್, ಹೊಸ ಕಲ್ಪನಾಲೋಕ ಬೇಕೆಂದು ಒಂದು ಸ್ಪರ್ಧೆ ಕರೆಯಿತು. 11 ಸಾವಿರದಷ್ಟು ಮಂದಿ ಬರೆದು ಕಳಿಸಿದರು. ಗೆದ್ದದ್ದು ಕೀತ್ ಬೇಕರ್ ಅವರ 'ಎಬೆರಾನ್' ಎಂಬ ಲೋಕ, 2004ರಲ್ಲಿ ಪುಸ್ತಕವಾಯಿತು. ಆ ಲೋಕದಲ್ಲಿ ನೂರು ವರ್ಷದ ಒಂದು ಮಹಾಯುದ್ಧ. ಜನ ಸತ್ತು ಸತ್ತು ಸೈನಿಕರೇ ಸಾಲದಾದಾಗ ಒಂದು ಮನೆತನದವರು ಮಾಯದ ಕುಲುಮೆಗಳಲ್ಲಿ ಸೈನಿಕರನ್ನೇ ತಯಾರಿಸಿ ಮಾರಿದರು. ಹಾಗೆ ಹುಟ್ಟಿದವರಿಗೆ ಬರಬರುತ್ತಾ ಬುದ್ಧಿ ಬಂತು, ನೋವು ಬಂತು, ಗೆಳೆತನ ಬಂತು. ಯುದ್ಧ ಮುಗಿದು ಒಪ್ಪಂದ ಆಯಿತು. ಆ ಒಪ್ಪಂದದಲ್ಲಿ ಎರಡು ಮಾತು: ಇನ್ನು ಮುಂದೆ ಕುಲುಮೆಗಳು ಬಂದ್, ಈಗಾಗಲೇ ಹುಟ್ಟಿದವರು ಯಾರ ಸೊತ್ತೂ ಅಲ್ಲ, ಸ್ವತಂತ್ರರು. ಆದರೆ ಕಾಗದದಲ್ಲಿ ಬರೆದದ್ದು ಎಲ್ಲ ಕಡೆ ನಡೆಯುವುದಿಲ್ಲವಷ್ಟೆ. ಕೆಲವು ದೇಶಗಳಲ್ಲಿ ಅವರನ್ನು ಇನ್ನೂ ಆಳುಗಳಂತೆಯೇ ದುಡಿಸುತ್ತಾರೆ.

ಮಕ್ಕಳೇ, ಇದು ಬರೀ ಕಲ್ಪನೆ ಎನ್ನಬೇಡಿ. ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು ತೆಗೆದುಹಾಕುವ ಕಾಯಿದೆ ಬಂದದ್ದು 1976ರಲ್ಲಿ. ಈ ಅಮೆರಿಕದ ಆಟಕ್ಕಿಂತ ಎರಡು ವರ್ಷ ಕಿರಿಯ ಕಾಯಿದೆ ಅದು. 'ರೋಬೋ' ಎಂಬ ಶಬ್ದ ಹುಟ್ಟಿದ್ದೂ ಇದೇ ನೋವಿನಿಂದ. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಕೃತಕ ಆಳುಗಳಿಗೆ ಆ ಹೆಸರಿಟ್ಟರು. ಶಬ್ದ ಸೂಚಿಸಿದ್ದು ಅವರ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ 'ರೊಬೊಟಾ' ಎಂದರೆ ನಮ್ಮ ಕಡೆ ಹೇಳುವ ಬಿಟ್ಟಿ ಚಾಕರಿ.

ಇನ್ನು ಈ ಕುಲದ ಗುಣಗಳನ್ನು ಕೇಳಿ. ಕುಲುಮೆಯವನಿಗೆ ಊಟ ಬೇಡ, ನೀರು ಬೇಡ, ಉಸಿರೂ ಬೇಡ. ವಿಷ ಬೇಗ ನಾಟುವುದಿಲ್ಲ. ಮೈಯೇ ಕವಚ. ನಿದ್ರೆ ಇಲ್ಲ, ಆದರೆ ದಿನಕ್ಕೆ ಆರು ಗಂಟೆ ಅಲುಗಾಡದೆ ಕೂರಬೇಕು, ಆಗಲೂ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಇದನ್ನು ಮೊಮ್ಮಗ ಓದುತ್ತಿದ್ದಾಗ ಬಾಗಿಲಲ್ಲಿ ನಿಂತ ನನ್ನ ಹೆಂಡತಿ, "ರಾತ್ರಿಯಿಡೀ ಕಣ್ ಬಿಟ್ಕಂಡ್ ಕೂಕಂಬುದಾ? ಹಾಂಗಾರೆ ಅದ್ ನಿಮ್ದೇ ಜಾತಿ" ಎಂದು ಹೇಳಿ ಒಳಗೆ ಹೋದಳು.

2004ರ ಮೊದಲ ನಿಯಮದಲ್ಲಿ ಒಂದು ಕುಂದೂ ಇತ್ತು. ಗಾಯ ಮಾಯಿಸುವ ಮಂತ್ರ ಇವರಿಗೆ ಅರ್ಧ ಮಾತ್ರ ತಾಗುತ್ತಿತ್ತು. ಅರ್ಧ ಜೀವಿ, ಅರ್ಧ ವಸ್ತು ಎಂಬ ಲೆಕ್ಕ ಇರಬೇಕು. ಇನ್ನೊಂದು ವಿಶೇಷ: ಇವರು ಹುಟ್ಟುವಾಗಲೇ ದೊಡ್ಡವರು. ಎರಡು ವರ್ಷದ ಹಿಂದೆ ಕುಲುಮೆಯಿಂದ ಬಂದವನು ನೋಡಲು ದಾಂಡಿಗ, ಪ್ರಪಂಚ ಕಂಡದ್ದು ಮಾತ್ರ ಎರಡೇ ವರ್ಷ. ಬಹಳ ಮಂದಿಗೆ ಅವರ ಕೆಲಸವೇ ಹೆಸರು. ನಾನು ನನ್ನವನಿಗೆ 'ಕಾವಲ' ಎಂದು ಹೆಸರಿಟ್ಟೆ.

ಇಂಥ ಯಂತ್ರಜನರ ಕಲ್ಪನೆ ನಮಗೇನೂ ಹೊಸದಲ್ಲ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಕಂಚಿಯ ಇಬ್ಬರು ಬಡಗಿ ಸಹೋದರರು ಬರುತ್ತಾರೆ, ಪ್ರಾಣಧರ ಮತ್ತು ರಾಜ್ಯಧರ. ಅಣ್ಣ ಮರದ ಹಂಸಗಳನ್ನು ಮಾಡಿ, ದಾರ ಕಟ್ಟಿ, ರಾತ್ರಿ ಕಿಟಕಿಯಿಂದ ರಾಜನ ಖಜಾನೆಗೆ ಬಿಡುತ್ತಾನೆ. ಅವು ಕೊಕ್ಕಿನಲ್ಲಿ ಒಡವೆ ಕಚ್ಚಿ ತರುತ್ತವೆ. ಬೀಗ ಒಡೆದಿಲ್ಲ, ಆದರೂ ಒಡವೆ ಕಡಿಮೆ! ಬ್ಯಾಂಕಿನಲ್ಲಿ ದುಡಿದ ನನಗೆ ಆ ಖಜಾನೆಯವನ ಹೊಟ್ಟೆಯುರಿ ಚೆನ್ನಾಗಿ ಅರ್ಥವಾಗುತ್ತದೆ. ಗುಟ್ಟು ಬಯಲಾದಾಗ ಅಣ್ಣತಮ್ಮಂದಿರು ಹಾರುವ ಯಂತ್ರ ಹತ್ತಿ ಓಡುತ್ತಾರೆ. ತಮ್ಮ ಸೇರಿದ್ದು ಜನರಿಲ್ಲದ ಒಂದು ಊರಿಗೆ. ಒಬ್ಬನೇ ಇರಲಾರದೆ ಮರದ ಜನರನ್ನು ಮಾಡಿ ಊರು ತುಂಬಿಸುತ್ತಾನೆ. ಅದೇ ಶತಮಾನದ ಭೋಜರಾಜನ 'ಸಮರಾಂಗಣ ಸೂತ್ರಧಾರ'ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ಬಾಗಿಲು ಕಾಯುವ ಮರದ ಆಳಿನ ಮಾತೂ ಅಲ್ಲಿ ಬರುತ್ತದೆ.

ನಮ್ಮೂರಿಗೇ ಬಂದರೆ, ಕುಂದಾಪುರದ ಹತ್ತಿರದ ಉಪ್ಪಿನಕುದ್ರು. ಅಲ್ಲಿನ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಮರದ ಗೊಂಬೆಗಳನ್ನು ಕಾಣದವರು ಕಡಿಮೆ. ಕೊಗ್ಗ ಕಾಮತರು, ಅವರ ನಂತರ ಮಗ ಭಾಸ್ಕರ ಕೊಗ್ಗ ಕಾಮತರು ದೇಶ ವಿದೇಶಕ್ಕೆ ಕೊಂಡೊಯ್ದ ಕಲೆ. ಬಡಗುತಿಟ್ಟಿನ ಕೇದಗೆಮುಂದಲೆ ಕಟ್ಟಿದ ಆ ಗೊಂಬೆ ತಲೆ ತಿರುಗಿಸಿ ಹೆಜ್ಜೆ ಹಾಕಿದಾಗ, ಅದಕ್ಕೆ ಜೀವ ಇಲ್ಲ ಎಂದು ಯಾವ ಮಗುವೂ ಒಪ್ಪುವುದಿಲ್ಲ. ಆದರೆ ಮೇಲೆ ಸೂತ್ರ ಹಿಡಿದ ಕೈ ಇದೆ. ಆಟ ಮುಗಿದ ಮೇಲೆ ಗೊಂಬೆ ಪೆಟ್ಟಿಗೆಗೆ ಹೋಗುತ್ತದೆ. ಕುಲುಮೆಯವನಿಗೆ ಸೂತ್ರವಿಲ್ಲ. ಯುದ್ಧ ಮುಗಿದ ಮೇಲೆ ಅವನು ಯಾವ ಪೆಟ್ಟಿಗೆಗೆ ಹೋಗಬೇಕು?

ಈ ಪ್ರಶ್ನೆ ಎರಡನೆಯ ಸಂಜೆ ನಮ್ಮ ಚಾಪೆಯ ಮೇಲೆಯೇ ಬಂತು.

ಕಥೆಯಲ್ಲಿ ನಾವು ಒಂದು ದೊಡ್ಡ ಹೊಳೆ ದಾಟಬೇಕಿತ್ತು. ನಮಗೆ ತಿಳಿಯಲಿ ಎಂದು ಮೊಮ್ಮಗ, "ಗಂಗೊಳ್ಳಿಯ ಪಂಚಗಂಗಾವಳಿ ಅಂತ ಇಟ್ಟುಕೊಳ್ಳಿ" ಎಂದ. ಕೈಯಲ್ಲಿ ಕಾಸಿಲ್ಲ. ಕಡವಿನ ದೋಣಿಯ ಯಜಮಾನ ನಮ್ಮನ್ನೆಲ್ಲ ನೋಡಿ ಹೇಳಿದ: "ಆ ಕಬ್ಬಿಣದವನನ್ನು ನನಗೆ ಕೊಡಿ. 500 ಚಿನ್ನದ ನಾಣ್ಯ ಕೊಡುತ್ತೇನೆ, ದೋಣಿಯನ್ನೂ ಬಿಡುತ್ತೇನೆ. ಮಾಡಿದ ವಸ್ತು ತಾನೇ? ಮಾಡಿದ್ದನ್ನು ಮಾರಬಹುದು."

ಕುಳ್ಳ ವೀರನಿಗೆ ಆಸೆ ಹುಟ್ಟಿತು. "ಕೊಡುವ. ರಾತ್ರಿ ಕದ್ಕಂಡ್ ಬಪ್ಪ."

"ಸಿಕ್ಕಿಬಿದ್ರೆ?" ಎಂದ ಮಂತ್ರವಾದಿ. ಅವನ ಚಿಂತೆ ಅಷ್ಟೇ.

ನನ್ನೊಳಗಿನ ಗುಮಾಸ್ತ ಎದ್ದ. "ಮಾರುವವರು ಯಾರು? ಒಡೆತನದ ಪತ್ರ ಎಲ್ಲಿ? ತನ್ನದಲ್ಲದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ" ಎಂದು ವಾದಿಸಿದೆ. ಒಳ್ಳೆಯ ಅರ್ಥವೇ ಹೇಳಿದೆ ಎಂದು ನನಗೇ ಅನಿಸಿತು. ಆಗ ಮೊಮ್ಮಗಳು ಬಿಲ್ಲು ಹಿಡಿದಂತೆ ಕೈ ಎತ್ತಿ, "ಕಾವಲನ ಹತ್ರ ಯಾರಾರೂ ಕೇಂಡ್ರಿಯಾ?" ಎಂದಳು.

ಎಲ್ಲರೂ ಸುಮ್ಮನಾದರು. ನಾನೂ. ನಾನು ಮಾತಾಡಿದ್ದು ಪತ್ರದ ಬಗ್ಗೆ, ಕಾವಲನ ಬಗ್ಗೆ ಅಲ್ಲ.

ಮೊಮ್ಮಗ ನನ್ನ ಕಡೆ ತಿರುಗಿದ. ಪಾತ್ರಕ್ಕೆ ತಕ್ಕಂತೆ ಏಕವಚನದಲ್ಲೇ ಕೇಳಿದ: "ಕಾವಲ, ನಿನಗೆ ಏನು ಬೇಕು?"

ಉತ್ತರ ಹೊಳೆಯಲಿಲ್ಲ. ನಾನು ಬ್ಯಾಂಕು ಸೇರಿದಾಗ ಲೆಡ್ಜರೆಲ್ಲ ಕೈಬರಹದ್ದು. 1980ರ ದಶಕದ ಕೊನೆಗೆ ಲೆಡ್ಜರ್ ಯಂತ್ರಗಳು ಬರುತ್ತವೆ ಎಂದಾಗ ನಮ್ಮ ಅನ್ನ ಹೋಯಿತೆಂದು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಅನ್ನ ಹೋಗಲಿಲ್ಲ, ಯಂತ್ರವನ್ನೂ ಕಲಿತೆ. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮರುದಿನವೂ ಎಂದಿನಂತೆ ಎದ್ದು, ಮಿಂದು, ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿ ಕೂತೆ. ಹೋಗುವುದಕ್ಕೆ ಜಾಗವಿಲ್ಲ. ನಲವತ್ತು ವರ್ಷಕ್ಕೆ ಹತ್ತಿರ ಬೇರೆಯವರಿಗೆ ಏನು ಬೇಕೆಂದು ಕೇಳುವುದೇ ನನ್ನ ಕೆಲಸವಾಗಿತ್ತು. ನನಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಕೊನೆಗೆ ಕಾವಲ ಹೇಳಿದ: "ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ನಿಮ್ಮ ಜತೆ ಬರುತ್ತೇನೆ."

"ಹಾಗಾದರೆ ಹೊಳೆ ದಾಟುವುದು ಹೇಗೆ?" ಎಂದ ಭಾಗವತ.

ಮಕ್ಕಳು ದಂಡೆಯಲ್ಲಿ ಹುಡುಕಿದರು. ದಾಳ ಉರುಳಿತು, ಹುಟ್ಟಿಲ್ಲದ ಒಂದು ಹಳೆ ದೋಣಿ ಸಿಕ್ಕಿತು. ಮೊಮ್ಮಗಳೇ ದಾರಿ ತೋರಿಸಿದಳು. ಕಾವಲನಿಗೆ ಉಸಿರು ಬೇಡ, ಅಲ್ಲವೇ? ದೋಣಿಗೆ ಹಗ್ಗ ಕಟ್ಟಿ ತುದಿಯನ್ನು ಅವನ ಕೈಗೆ ಕೊಟ್ಟರೆ, ಹೊಳೆಯ ಅಡಿಯಲ್ಲಿ ನಡೆದು ಎಳೆಯಬಹುದು. "ಆಗ್ತಿತ್ತಾ ಅಜ್ಜಯ್ಯ?" ಎಂದು ಈ ಸಲ ಮೊದಲು ನನ್ನನ್ನೇ ಕೇಳಿದಳು. ಆಗ್ತದೆ ಎಂದೆ. 20 ಮುಖದ ದಾಳ ಉರುಳಿಸಿದೆ. 17 ಬಿತ್ತು. ಮೇಲೆ ದೋಣಿಯಲ್ಲಿ ಮೂವರು, ಕೆಳಗೆ ಕತ್ತಲೆ ನೀರಿನಲ್ಲಿ ಹಗ್ಗ ಹಿಡಿದು ನಾನು. ಸೂತ್ರ ಈ ಸಲ ಗೊಂಬೆಯ ಕೈಯಲ್ಲಿತ್ತು.

ಆ ರಾತ್ರಿ ಮೊಮ್ಮಗಳಿಗೆ ಗಣಪತಿಯ ಕಥೆ ಹೇಳಿದೆ. ಕುಂಭಾಶಿಯ ಆನೆಗುಡ್ಡೆಗೆ ಎಷ್ಟು ಸಲ ಕೈಮುಗಿಯಲು ಹೋಗಿಲ್ಲ ನಾವು! ಪಾರ್ವತಿ ತನ್ನ ಮೈಯ ಮಣ್ಣಿನಿಂದ ಅವನನ್ನು ಮಾಡಿದ್ದು ಬಾಗಿಲು ಕಾಯಲಿಕ್ಕೆ. ಅವನೂ ಮಾಡಿದವನೇ, ಕಾವಲಿಗಾಗಿಯೇ. ಆದರೆ ತಾಯಿ ಅವನನ್ನು ಕರೆದದ್ದು ಕಾವಲುಗಾರ ಎಂದಲ್ಲ, ಮಗ ಎಂದು. ಕೇಳುತ್ತಲೇ ಅವಳಿಗೆ ನಿದ್ರೆ ಬಂತು.

ಮಕ್ಕಳೇ, ಈ ಆಟಕ್ಕೆ ದುಬಾರಿ ಪುಸ್ತಕ, ದಾಳ ಇಲ್ಲದಿದ್ದರೂ ನಡೆಯುತ್ತದೆ. ಇಪ್ಪತ್ತು ಚೀಟಿಗಳ ಮೇಲೆ 1ರಿಂದ 20 ಬರೆದು ಚೊಂಬಿಗೆ ಹಾಕಿ, ಕಣ್ಣು ಮುಚ್ಚಿ ಒಂದು ತೆಗೆಯಿರಿ, ಅದೇ ದಾಳ. ಸುಲಭದ ಕೆಲಸಕ್ಕೆ 8 ದಾಟಿದರೆ ಸಾಕು, ಕಷ್ಟದ್ದಕ್ಕೆ 15 ಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನಿಮ್ಮದೇ ಯಂತ್ರಕುಲವನ್ನೂ ಕಟ್ಟಬಹುದು. ಅದು ಯಾವುದರಿಂದ ಆಗಿದೆ, ಯಾರು ಮಾಡಿದರು, ಯಾವ ಕೆಲಸಕ್ಕೆ ಮಾಡಿದರು ಎಂದು ಬರೆಯಿರಿ. ಎರಡು ಶಕ್ತಿ ಕೊಟ್ಟರೆ ಒಂದು ಕುಂದನ್ನೂ ಕೊಡಿ, ಇಲ್ಲದಿದ್ದರೆ ಜತೆಗಾರರಿಗೆ ಆಟವೇ ಉಳಿಯುವುದಿಲ್ಲ. ನಮ್ಮ ನೆರೆಮನೆಯ ಹುಡುಗ ಮಾಡಿದ ಯಂತ್ರಕ್ಕೆ ಆನೆಯ ಬಲ. ಆದರೆ ಮರವಂತೆಯ ಕಡಲಗಾಳಿಯಲ್ಲಿ ಮೂರು ದಿನ ನಿಂತರೆ ತುಕ್ಕು ಹಿಡಿದು ಮೊಣಕಾಲು ಮಡಚುವುದಿಲ್ಲ. ಕಡೆಯ ಸಾಲಿನಲ್ಲಿ, ಆ ಕೆಲಸ ಮುಗಿದ ಮೇಲೆ ಅದಕ್ಕೆ ಏನು ಬೇಕು ಎಂದು ಬರೆಯಿರಿ. ಹೊಳೆಯದಿದ್ದರೆ ಮನೆಯಲ್ಲಿರುವ ಅಜ್ಜ ಅಜ್ಜಿಯನ್ನು ಆಟಕ್ಕೆ ಕರೆದು ಕೇಳಿ.

ರಜೆ ಮುಗಿದು ಮೊಮ್ಮಗ ಬೆಂಗಳೂರಿಗೆ ಹೋದ. ದಾಳದ ಚೀಲ ತಕ್ಕೊಂಡು ಹೋದ, 20 ಮುಖದ್ದೊಂದನ್ನು ಮಾತ್ರ ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಭಾನುವಾರ ಸಂಜೆ ಫೋನಿನಲ್ಲಿ ಕಥೆ ಮುಂದುವರಿಯುತ್ತದೆ. ಕಾವಲ ಈಗ ಹೊಳೆಯಾಚೆ ಇದ್ದಾನೆ. ಹೊಸ ಹೆಸರು ಯೋಚಿಸುತ್ತಿದ್ದೇನೆ.